ಟಾರ್ಚ್ ಹಿಡಿಯೋ ಕೈಗೂ ಗೊತ್ತಿರ್ಬೇಕು

ನಮ್ಮ ಕಡೆ ಟ್ರ್ಯಾಕ್ಟರ್ ರಿಪೇರಿ ಅನ್ನೋದು ಯಾವತ್ತೂ ಹೊತ್ತು ಮುಳುಗಿದ ಮ್ಯಾಲೇ ಆಗದು. ಹಗಲೊತ್ತು ಹೊಲದಲ್ಲಿ ಕೆಲ್ಸ ಇರ್ತದೆ, ಗಾಡಿ ನಿಲ್ಸಕ್ಕಾಗಲ್ಲ. ಸಂಜೆ ತಂದು ಹಟ್ಟಿ ಮುಂದೆ ನಿಲ್ಸಿ, ಬಾನೆಟ್ ಎತ್ತಿ, "ಲೇ, ಟಾರ್ಚ್ ತತ್ತಾ" ಅಂತ ಕೂಗ್ತಾರೆ. ಒಳಗೆ ಮುದ್ದೆಗೆ ಎಸರು ಕುದೀತಾ ಇರ್ತದೆ. ಒಲೆ ಸಣ್ಣ ಮಾಡಿ ಹೋಗಿ ನಿಂತ್ಕಂಡ್ರೆ, "ಇತ್ಲಾಗ್ ಬುಡು ಬೆಳಕ... ಅಲ್ಲಲ್ಲ, ಕೆಳಕ್ಕೆ... ನನ್ ಮಖಕ್ಕೆ ಯಾಕ್ ಬುಡ್ತೀಯ" ಅಂತ ಬೈಸ್ಕಳದು ನಮ್ಮ ಪಾಲು. ಹುಣಸೂರಾಗ್ಲಿ, ಕೋಟೆ ಕಡೆ ಆಗ್ಲಿ, ಪಿರಿಯಾಪಟ್ಣ, ಕೆ.ಆರ್. ನಗರ ಎಲ್ಲೇ ಆಗ್ಲಿ, ಗಾಡಿ ಇರೋ ಮನೆ ಹೆಂಗಸ್ರಿಗೆಲ್ಲ ಈ ಕೆಲ್ಸ ತಪ್ಪಿದ್ದಲ್ಲ.

ನಮ್ಮನೆಗೆ ಟ್ರ್ಯಾಕ್ಟರ್ ಬಂದು 16 ವರ್ಷ ಆಯ್ತು. ಇಷ್ಟು ವರ್ಷ ಟಾರ್ಚ್ ಹಿಡಿದು ನಿಂತೋಳು ಸುಮ್ನೆ ನಿಂತಿರ್ತಾಳಾ? ನೋಡ್ತಾಳೆ, ಕೇಳ್ತಾಳೆ. ಯಾವ ವೈರ್ ಮೊದ್ಲು ಬಿಚ್ತಾರೆ, ಯಾವುದನ್ನ ಕೊನೆಗೆ ಹಾಕ್ತಾರೆ ಅನ್ನೋದು ನನಗೆ ಅಡುಗೆ ಮನೆ ಡಬ್ಬಿಗಳ ಸಾಲಿನಷ್ಟೇ ಗೊತ್ತು. ಅದನ್ನ ಇವತ್ತು ಬರೀಬೇಕು ಅನ್ನಿಸಿದ್ದು ನಮ್ಮ ಮೈದುನನ ಮಗನ ಬೆರಳಿನಿಂದ.

ಹೋದ ಹೊಗೆಸೊಪ್ಪಿನ ಕಾಲ. ಅವರು ಪಿರಿಯಾಪಟ್ಣದ ಕಡೆ ಇರದು. ಹುಡುಗನಿಗೆ ಮದುವೆ ಆಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಆಗಸ್ಟ್ ತಿಂಗಳು ಅಂದ್ರೆ ನಿಮಗೇ ಗೊತ್ತು, ಎಲೆ ಮುರಿಯೋದು, ಕಟ್ಟೋದು, ಬ್ಯಾರನ್ನಿಗೆ ಏರಿಸೋದು, ರಾತ್ರಿ ಹಗಲು ಬೆಂಕಿ ನೋಡ್ಕಳದು, ಒಂದು ಬ್ಯಾರನ್ ಬೇಯಕ್ಕೆ 5-6 ದಿನ. ಟ್ರ್ಯಾಕ್ಟರ್ ಇಲ್ದೆ ಒಂದು ದಿಸ ನಡೆಯಲ್ಲ. ಅಂಥಾ ಹೊತ್ತಲ್ಲಿ ಹೆಡ್‌ಲೈಟ್ ಕೆಟ್ಟೋಯ್ತು. ಬ್ಯಾರನ್ ಪಕ್ಕದ ಶೆಡ್ಡಲ್ಲಿ ನಿಂತಿದ್ದ ಗಾಡಿ, ಇಲಿ ನುಗ್ಗಿ ವೈರ್ ಕಡಿದು ಬಿಟ್ಟಿತ್ತು. ಸಂಜೆ ಕೂತು ಸರಿ ಮಾಡ್ತೀನಿ ಅಂತ ಹುಡುಗ ಹೊರಟ. ಟಾರ್ಚ್ ಹಿಡಿದಿದ್ದು ಹೊಸ ಸೊಸೆ.

ಕೀ ಆಫ್ ಮಾಡಿದ್ದ. ಕೀ ಆಫ್ ಅಂದ್ರೆ ಕರೆಂಟ್ ಇಲ್ಲ ಅಂತ ಅವನ ಲೆಕ್ಕ. ಆಮೇಲೆ ಯಾಕೋ ಬ್ಯಾಟ್ರಿ ಬಿಚ್ಚೇ ಬುಡನ ಅಂತ ಯೋಚನೆ ಬಂದದೆ, ಅದು ಸರೀನೇ. ಆದ್ರೆ ಕೈಗೆ ಸಿಕ್ಕಿದ್ದು ಪ್ಲಸ್ ಕಡೆದು. ಸ್ಪ್ಯಾನರ್ ಹಾಕಿ ತಿರುಗಿಸ್ತಾ ಇದ್ದಂಗೇ ಕೈ ಜಾರಿ, ಸ್ಪ್ಯಾನರ್ ಹಿಡಿದ ಬೆರಳಿನ ಉಂಗುರ ಹೋಗಿ ಬ್ಯಾಟ್ರಿ ಕೂರಿಸೋ ಕಬ್ಬಿಣದ ಪಟ್ಟಿಗೆ ತಾಗ್ತು. ಒಂದ್ ಕಡೆ ಸ್ಪ್ಯಾನರ್, ಇನ್ನೊಂದ್ ಕಡೆ ಕಬ್ಬಿಣ, ಮಧ್ಯಕ್ಕೆ ಮದುವೆ ಉಂಗುರ. ಚಟ್ ಅಂತ ಶಬ್ದ, ನೀಲಿ ಕಿಡಿ. "ದೊಡ್ಡಮ್ಮ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಕನ" ಅಂತ ಆ ಹುಡುಗಿ ಫೋನಲ್ಲಿ ಅಳ್ತಾ ಹೇಳ್ತು. ಅಷ್ಟರಲ್ಲೇ ಉಂಗುರ ಕೆಂಡ ಆಗಿ, ಬೆರಳ ಸುತ್ತ ಬಳೆ ಇಟ್ಟಂಗೆ ಸುಟ್ಟಿತ್ತು. ಪುಣ್ಯಕ್ಕೆ ಹುಡುಗಿಗೆ ಬುದ್ಧಿ ಇತ್ತು, ಕೈನ ತೊಟ್ಟಿ ನೀರಿಗೆ ಅದ್ದಿ ಹಿಡಿದವ್ಳೆ. ಆಸ್ಪತ್ರೆಲಿ ಉಂಗುರ ಕುಯ್ದು ತೆಗೆದ್ರು. ಬೆರಳು ಉಳೀತು. ಆದ್ರೆ ಎಲೆ ಮುರಿಯೋ ಕಾಲವೆಲ್ಲ ಅವನು ಕೈ ಕಟ್ಕಂಡು ಕೂತ, ಆಳಿಗೆ ಕೊಟ್ಟ ದುಡ್ಡು ಬೇರೆ. ಇವತ್ತಿಗೂ ಆ ಬೆರಳು ಪೂರ್ತಿ ಮಡಚಲ್ಲ.

ಸುದ್ದಿ ಕೇಳಿದೋರೆಲ್ಲ ಆಡಿದ ಮಾತು ಒಂದೇ: "12 ವೋಲ್ಟ್ ಬ್ಯಾಟ್ರಿ, ಅದು ಶಾಕೇ ಹೊಡಿಯಲ್ವಲ್ಲ, ಹೆಂಗ್ ಸುಡ್ತು?" ಅಂತ. ಈ ಮಾತೇ ಎಲ್ಲರನ್ನೂ ಕೆಡಿಸಿರದು. ಒಣ ಕೈಲಿ ಬ್ಯಾಟ್ರಿಯ ಎರಡೂ ತುದಿ ಮುಟ್ಟಿದ್ರೂ ಜುಮ್ ಅನ್ನಲ್ಲ, ನಿಜ. ಮನುಷ್ಯನ ಚರ್ಮದೊಳಗೆ ನುಗ್ಗಕ್ಕೆ 12 ವೋಲ್ಟಿಗೆ ತಾಕತ್ತು ಸಾಲದು. ಕಬ್ಬಿಣಕ್ಕೆ, ಚಿನ್ನಕ್ಕೆ, ತಾಮ್ರಕ್ಕೆ ಚರ್ಮ ಎಲ್ಲಿ ಬಂತು? ನಿಮ್ಮನೆ ಮೀಟರ್ ಪಕ್ಕದ ಎಂಸಿಬಿ ಮ್ಯಾಲೆ 16 ಅಂತಲೋ 32 ಅಂತಲೋ ಬರೆದಿರ್ತದೆ ನೋಡಿ. ಅದು ಆಂಪಿಯರ್ ಲೆಕ್ಕ. ಅದಕ್ಕಿಂತ ಬಹಳ ಮೀರಿ ಹರಿದ್ರೆ ಟಪ್ ಅಂತ ಬೀಳ್ತದೆ. ಟ್ರ್ಯಾಕ್ಟರ್ ಬ್ಯಾಟ್ರಿ ಇಂಜಿನ್ನನ್ನ ತಿರುಗಿಸಕ್ಕೆ ಒಂದೇ ಏಟಿಗೆ ನೂರಾರು ಆಂಪಿಯರ್ ಕೊಡ್ತದೆ, ಅದರ ಕೆಲ್ಸವೇ ಅದು. ಆ ದಪ್ಪ ವೈರಿಗೆ ಸಾಮಾನ್ಯವಾಗಿ ಫ್ಯೂಜೂ ಇರಲ್ಲ, ಬೀಳಕ್ಕೆ ಎಂಸಿಬಿಯೂ ಇಲ್ಲ. ಅಡ್ಡ ಬಂದದ್ದು ಉಂಗುರ ಆದ್ರೆ ಉಂಗುರ, ಸ್ಪ್ಯಾನರ್ ಆದ್ರೆ ಸ್ಪ್ಯಾನರ್, ಕಾದು ಕೆಂಪಗಾಗ್ಲೇಬೇಕು.

ಅದಕ್ಕೇ ನಾನು ಮೊದ್ಲು ಹೇಳದು ಹೆಂಗಸ್ರಿಗೆ. ಗಾಜಿನ ಬಳೆಗೆ ಭಯ ಇಲ್ಲ, ಗಾಜಲ್ಲಿ ಕರೆಂಟ್ ಹರಿಯಲ್ಲ. ಚಿನ್ನದ ಬಳೆ, ಉಂಗುರ, ಬಗ್ಗಿದಾಗ ಜೋತು ಬೀಳೋ ತಾಳಿ ಸರ, ಇವೇ ಅಪಾಯ. ಟಾರ್ಚ್ ಹಿಡಿದು ಬ್ಯಾಟ್ರಿ ಮ್ಯಾಲೆ ಬಗ್ಗೋ ಮುಂಚೆ ಸರವನ್ನ ರವಿಕೆ ಒಳಕ್ಕೆ ಸೇರಿಸಿ, ಸೆರಗು ಸಿಗಿಸಿ. ಗಂಡಸ್ರಿಗೆ ಉಂಗುರ, ವಾಚು, ಬೆಳ್ಳಿ ಕಡಗ ಬಿಚ್ಚಿ ಕೊಡು ಅಂತ ಕೈ ಒಡ್ಡಿ. "ಉಂಗುರ ಬಿಚ್ಚಿದ್ರೆ ಶಕುನ ಅಲ್ಲ" ಅಂತ ನಮ್ಮ ಓರಗಿತ್ತಿ ಗೊಣಗಿದ್ರು. ಆಸ್ಪತ್ರೆಲಿ ಕುಯ್ದು ಎರಡು ತುಂಡು ಮಾಡಿ ಕೈಗೆ ಕೊಟ್ಟಾಗ ಅದ್ಯಾವ ಶಕುನವೋ.

ಈಗ ಮೈನಸ್ ಯಾಕೆ ಮೊದ್ಲು ಅನ್ನೋದಕ್ಕೆ ಬರ್ತೀನಿ. ಬಹಳ ಜನ ಮೈನಸ್ ಮೊದ್ಲು ಅಂತ ಬಾಯಿಪಾಠ ಮಾಡ್ಕಂಡವ್ರೆ, ಯಾಕೆ ಅಂತ ಕೇಳಿದ್ರೆ ಆಕಾಶ ನೋಡ್ತಾರೆ. ಕಾರಣ ಗೊತ್ತಿಲ್ದಿದ್ರೆ ಅವಸರದಲ್ಲಿ ಮರ್ತೋಯ್ತದೆ.

ಗಾಡಿಲಿ ಪ್ರತಿಯೊಂದು ಬಲ್ಬಿಗೂ ಎರಡೆರಡು ವೈರ್ ಎಳೆಯಲ್ಲ. ಪ್ಲಸ್ಸಿನಿಂದ ಒಂದು ವೈರ್ ಹೋಯ್ತದೆ, ವಾಪಸ್ ಬರಕ್ಕೆ ಗಾಡಿಯ ಕಬ್ಬಿಣದ ಮೈಯೇ ದಾರಿ. ಬ್ಯಾಟ್ರಿಯ ಮೈನಸ್ಸಿನಿಂದ ಒಂದು ದಪ್ಪ ವೈರ್ ನೇರ ಬಾಡಿಗೆ ಬೋಲ್ಟ್ ಆಗಿರ್ತದೆ. ಅಂದ್ರೆ ಮೈನಸ್ಸೂ ಬಾಡಿಯೂ ಒಂದೇ ಮನೆಯವು. ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಲ ಎಲ್ಲಾದ್ರೂ ಕಬ್ಬಿಣಕ್ಕೆ ತಾಗಿದ್ರೂ ಒಂದೇ ಮನೆಯೋರು ಒಬ್ರನ್ನೊಬ್ರು ಮುಟ್ಟಿದಂಗೆ, ಜಗಳ ಇಲ್ಲ. ಪ್ಲಸ್ ಬಿಚ್ಚುವಾಗ ತಾಗಿದ್ರೆ? ಪ್ಲಸ್ಸನ್ನ ನೇರ ಮೈನಸ್ ಮನೆಗೆ ತಂದು ಗುದ್ದಿದಂಗೆ. ಮೈನಸ್ಸನ್ನ ಮೊದ್ಲೇ ಬಿಚ್ಚಿ ದೂರ ಮಾಡಿದ್ರೆ ಬಾಡಿಗೂ ಬ್ಯಾಟ್ರಿಗೂ ನಂಟೇ ಕಡಿದೋಯ್ತು, ಆಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೂ ಕಿಡಿ ಹಾರಲ್ಲ. ಆಗಲೂ ಸ್ಪ್ಯಾನರ್ರನ್ನ ಬ್ಯಾಟ್ರಿ ನೆತ್ತಿ ಮ್ಯಾಲೆ ಮಾತ್ರ ಮಡಗ್ಬೇಡಿ, ಎರಡು ಕಂಬಕ್ಕೂ ಅಡ್ಡ ಬಿದ್ರೆ ಕತೆ ಮುಗೀತು. ಹಾಕುವಾಗ ಇದರ ಉಲ್ಟಾ, ಪ್ಲಸ್ ಮೊದ್ಲು ಬಿಗಿದು, ಮೈನಸ್ ಎಲ್ಲಕ್ಕಿಂತ ಕೊನೆಗೆ. ನಾನು ನಮ್ಮ ಹುಡುಗ್ರಿಗೆ ಹೇಳಿಕೊಟ್ಟಿರದು: ಬಿಚ್ಚುವಾಗ ಮೈನಸ್ ಮುಂದು, ಕಟ್ಟುವಾಗ ಮೈನಸ್ ಹಿಂದು.

ಯಾವುದು ಪ್ಲಸ್, ಯಾವುದು ಮೈನಸ್ ಅಂತ ಬಣ್ಣ ನಂಬಿ ಹೋಗ್ಬೇಡಿ. ಕೆಂಪು ಪ್ಲಸ್, ಕಪ್ಪು ಮೈನಸ್ ಅನ್ನೋದು ಸರಿ, ಆದ್ರೆ ಹತ್ತು ವರ್ಷದ ಟ್ರ್ಯಾಕ್ಟರಲ್ಲಿ ಗ್ರೀಸು, ಧೂಳು ಮೆತ್ತಿ ಎರಡೂ ಕಪ್ಪೇ. ಕೆಂಪು ವೈರ್ ಸಿಗ್ಲಿಲ್ಲ ಅಂತ ಯಾವನೋ ಕಪ್ಪುದೇ ಎರಡು ಕಡೆ ಹಾಕಿರ್ತಾನೆ. ಬ್ಯಾಟ್ರಿ ಮ್ಯಾಲೆ ಕೂಡು, ಕಳೆ ಚಿಹ್ನೆ ಕೆತ್ತಿರ್ತದೆ, ಬಟ್ಟೇಲಿ ಒರೆಸಿ ನೋಡಿ. ಕಾರು, ಟ್ರ್ಯಾಕ್ಟರಿನ ಗುಂಡು ಕಂಬದ ಬ್ಯಾಟ್ರಿಲಿ ಪ್ಲಸ್ ಕಂಬ ಮೈನಸ್ಸಿಗಿಂತ ವಸಿ ದಪ್ಪ ಇರ್ತದೆ. ಇಂಗ್ಲೆಂಡಿನಿಂದ ಬಂದ ತೀರಾ ಹಳೇ ಕಾಲದ ಕೆಲವು ಗಾಡಿಲಿ ಪ್ಲಸ್ಸೇ ಬಾಡಿಗೆ ಸೇರಿರ್ತಿತ್ತು. ಅಂಥದ್ರಲ್ಲಿ ಪ್ಲಸ್ಸೇ ಮೊದ್ಲು ಬಿಚ್ಬೇಕು. ಹಂಗಾಗಿ ಅಸಲು ಮಾತು, ಯಾವ ವೈರ್ ಬಾಡಿಗೆ ಹೋಗದೆ ಅಂತ ಟಾರ್ಚ್ ಬಿಟ್ಟು ನೋಡೋದು. ಈಗಿನ ಗಾಡಿಲೆಲ್ಲ ಅದು ಮೈನಸ್ಸೇ.

ಬಿಚ್ಚಿದ ಮೈನಸ್ ವೈರನ್ನ ಹಂಗೇ ಬುಟ್ರೆ ಅದು ಸ್ಪ್ರಿಂಗ್ ತರ ವಾಪಸ್ ಬಂದು ಕಂಬದ ಮ್ಯಾಲೇ ಕೂರ್ತದೆ. ಒಣ ಬಟ್ಟೆ ಸುತ್ತಿ, ಇಲ್ಲಾ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಪಕ್ಕಕ್ಕೆ ಸರಿಸಿ. ಬಿಚ್ಚೋ ಮುಂಚೆ ಕೀ ಆಫ್, ಲೈಟ್ ಆಫ್, ಹಾಡಿನ ಡಬ್ಬ ಆಫ್. ಕಾರಾದ್ರೆ, ಅದ್ರಲ್ಲೂ ಏರ್‌ಬ್ಯಾಗ್ ಇರೋ ಕಾರಾದ್ರೆ, ಮೈನಸ್ ಬಿಚ್ಚಿದ ಮ್ಯಾಲೂ ಕೆಲವು ನಿಮಿಷ ಕಾಯ್ಬೇಕು, ಅದರೊಳಗೆ ಕರೆಂಟ್ ವಸಿ ಹೊತ್ತು ಉಳಿದಿರ್ತದೆ. ಎಷ್ಟು ಹೊತ್ತು ಅನ್ನೋದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿರ್ತದೆ. ಆ ಪುಸ್ತಕವನ್ನ ನಮ್ಮನೆಗಳಲ್ಲಿ ಆರ್‌ಸಿ ಜೊತೆ ಬೀರುಗೆ ಹಾಕಿ ಬೀಗ ಹಾಕ್ತಾರೆ, ಓದೋರು ಮಾತ್ರ ಯಾರೂ ಇಲ್ಲ.

ಇಂಜಿನ್ ಓಡ್ತಾ ಇರುವಾಗ ಬ್ಯಾಟ್ರಿ ವೈರ್ ಕಿತ್ತು "ಡೈನಮೋ ಚಾರ್ಜ್ ಮಾಡ್ತಾ ಅದಾ ನೋಡನ" ಅನ್ನೋರು ಊರಿಗೆ ಇಬ್ಬರಾದ್ರೂ ಇರ್ತಾರೆ. ಹಳೇ ಕಾಲದ ಗಾಡಿಗೆ ಅದು ನಡೀತಿತ್ತೇನೋ. ಈಗಿನವಕ್ಕೆ ಹಂಗೆ ಕಿತ್ತರೆ ವೋಲ್ಟ್ ಒಮ್ಮೆಗೇ ಏರಿ ಒಳಗಿನ ಎಲೆಕ್ಟ್ರಾನಿಕ್ ಸಾಮಾನು ಸುಟ್ಟೋಯ್ತವೆ. ಹಂಗೇ ವೆಲ್ಡಿಂಗ್. ಟ್ರೇಲರ್ ಕೊಕ್ಕೆ ಮುರೀತು ಅಂತ ಟ್ರ್ಯಾಕ್ಟರಿಗೆ ಸೇರಿಸಿದಂಗೇ ಶೆಡ್ಡಿಗೆ ತಗೊಂಡೋಗಿ ಕರೆಂಟ್ ವೆಲ್ಡಿಂಗ್ ಮಾಡಿಸ್ತಾರೆ. ಕೆ.ಆರ್. ನಗರದ ಕಡೆ ಕಬ್ಬು ಹೊಡೆಯೋ ಕಾಲದಲ್ಲಿ ಇದು ದಿನಬೆಳಗಾದ್ರೆ ನೋಡೋ ಕೆಲ್ಸ. ಟ್ರೇಲರ್ ಬಿಚ್ಚಿ ಬೇರೆ ನಿಲ್ಸಿ, ಆಗದಿದ್ರೆ ಬ್ಯಾಟ್ರಿನಾದ್ರೂ ಬಿಚ್ಚಿ ಅಂತ ಹೇಳಿ.

ಕಿಡಿಗೆ ನಾನು ಇಷ್ಟು ಹೆದರೋದು ಬೆರಳಿಗೋಸ್ಕರ ಮಾತ್ರ ಅಲ್ಲ. ನಾನು ಪಿಯುಸಿಲಿ ಸೈನ್ಸ್ ತಗೊಂಡಿದ್ದೆ. ಆಗ ಓದಿದ್ದ ಬಹಳಷ್ಟು ಒಗ್ಗರಣೆ ಹೊಗೆಯಲ್ಲಿ ಹೋಯ್ತು, ಇದೊಂದು ಉಳೀತು. ಬ್ಯಾಟ್ರಿ ಒಳಗೆ ಸೀಸದ ತಟ್ಟೆ, ಗಂಧಕಾಮ್ಲದ ನೀರು. ಸುಮಾರು 2 ವೋಲ್ಟಿನ ಮನೆ 6 ಸೇರಿ 12. ಚಾರ್ಜ್ ಆಗುವಾಗ ಅದ್ರೊಳಗಿಂದ ಜಲಜನಕ, ಅಂದ್ರೆ ಹೈಡ್ರೋಜನ್, ಹೊರಗೆ ಬರ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಒಂದು ಕಿಡಿ ಸಾಕು, ಬ್ಯಾಟ್ರಿ ಸಿಡಿದು ಆಸಿಡ್ ಮಖಕ್ಕೆ ಹಾರ್ತದೆ. ಮುಂಚೆ ನೀರು ಎಷ್ಟದೆ ಅಂತ ನೋಡಕ್ಕೆ ಬೆಂಕಿಕಡ್ಡಿ ಗೀರೋ ಗಂಡಸ್ರಿದ್ರು, ಬಾಯಲ್ಲಿ ಬೀಡಿ ಬೇರೆ! ಅದಕ್ಕೇ ಟಾರ್ಚ್ ಹಿಡಿಯೋ ಕೆಲ್ಸ ಚಿಕ್ಕದು ಅಂದ್ಕೋಬೇಡಿ. ಆಸಿಡ್ ಕಣ್ಣಿಗೆ ಬಿದ್ರೆ ಉಜ್ಜಬೇಡಿ, ರೆಪ್ಪೆ ಬಿಡಿಸಿ ಹಿಡಿದು ಕಾಲು ಗಂಟೆಯಾದ್ರೂ ಬಿಡದಂಗೆ ತಣ್ಣೀರು ಹಾಕ್ತಾನೇ ಇರಿ, ಆಮೇಲೆ ಆಸ್ಪತ್ರೆ. ಬಟ್ಟೆ ಮ್ಯಾಲೆ ಬಿದ್ದದ್ದು ಅವತ್ತು ಗೊತ್ತಾಗಲ್ಲ, ಒಗೆದು ಹಿಂಡಿದಾಗ ತೂತು ತೂತಾಗಿ ಕಾಣ್ತದೆ.

ಈ ಬ್ಯಾಟ್ರಿ ಹೊಸ ಕಾಲದ್ದು ಅಂದ್ಕಂಡಿದ್ರಾ? ಫ್ರಾನ್ಸಿನ ಗಾಸ್ತೊಂ ಪ್ಲಾಂಟೆ ಅನ್ನೋರು ಸೀಸದ ಬ್ಯಾಟ್ರಿ ಮಾಡಿದ್ದು 1859ರಲ್ಲಿ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು 1902ರಲ್ಲಿ, ಅಷ್ಟೊತ್ತಿಗೆ ಬ್ಯಾಟ್ರಿಗೆ 40 ವರ್ಷ ದಾಟಿತ್ತು. ಗಾಡಿಗೆ ಸೆಲ್ಫ್ ಸ್ಟಾರ್ಟ್ ಬಂದದ್ದು 1912ರ ಕ್ಯಾಡಿಲಾಕ್ ಕಾರಿಗೆ, ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ್ದು. ಅದಕ್ಕೂ ಮುಂಚೆ ಹ್ಯಾಂಡ್ಲು ತಿರುಗಿಸ್ಬೇಕಿತ್ತು, ಅದು ಉಲ್ಟಾ ಹೊಡೆದು ಕೈ ಮುರ್ಕಂಡೋರು ಎಷ್ಟೋ ಜನ. ನಮ್ಮಪ್ಪನ ಹತ್ರ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟ್ರಿಯ ಗಾಡಿ ಇತ್ತು, ಅದಕ್ಕೆ 6 ವೋಲ್ಟಿನ ಪುಟ್ಟ ಬ್ಯಾಟ್ರಿ, ಒದ್ದೇ ಸ್ಟಾರ್ಟ್ ಮಾಡ್ಬೇಕು. ನಮ್ಮಪ್ಪ ಒದ್ದೊದ್ದು ಸುಸ್ತಾದಾಗ ನಮ್ಮವ್ವ ಒಂದು ಲೋಟ ಮಜ್ಜಿಗೆ ತಂದು ಕೊಡ್ತಿದ್ರು. ಅದು ಬೇರೆ ಕತೆ.

ಬ್ಯಾಟ್ರಿ ಬಿಚ್ಚಿದ ಮ್ಯಾಲೆ ನಮ್ಮ ಕೈ ಕೆಲಸವೂ ಒಂದದೆ. ಕಂಬದ ಮ್ಯಾಲೆ ಬೆಳ್ಳಗೆ, ಹಸ್ರಗೆ ಪುಡಿ ಕೂತಿರ್ತದಲ್ಲ, ಅದನ್ನ ಬರೀ ಕೈಲಿ ಕೆರೀಬೇಡಿ. ಅಡುಗೆ ಸೋಡ ಒಂದು ಚಮಚ ನೀರಿಗೆ ಕಲಸಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ. ಬುಸ್ ಅಂತ ನೊರೆ ಬರ್ತದೆ, ಅದು ಆಸಿಡ್ ಸಾಯೋ ಸದ್ದು. ನೊರೆ ನಿಂತ ಮ್ಯಾಲೆ ನೀರಲ್ಲಿ ಒರೆಸಿ, ಒಣಗಿಸಿ. ಸೋಡ ನೀರು ಬ್ಯಾಟ್ರಿ ಮುಚ್ಚಳದೊಳಕ್ಕೆ ಒಂದು ಹನಿ ಕೂಡ ಇಳೀಬಾರ್ದು. ವೈರ್ ಬಿಗಿದ ಮ್ಯಾಲೆ ವಸಿ ವ್ಯಾಸಲೀನ್ ಸವರಿದ್ರೆ ಬೇಗ ಪುಡಿ ಕೂರಲ್ಲ. ಕ್ಲಾಂಪ್ ಅಲ್ಲಾಡಬಾರ್ದು. ಸಡಿಲ ಇದ್ರೆ ಅಲ್ಲೇ ಕಿಡಿ ಹಾರ್ತದೆ, ಬ್ಯಾರನ್ ಪಕ್ಕ ಒಣ ಸೌದೆ, ಹುಲ್ಲು ಇರೋ ಜಾಗದಲ್ಲಿ ಅದೆಂಥಾ ಮಾತು ಯೋಚ್ನೆ ಮಾಡಿ.

ಟ್ರ್ಯಾಕ್ಟರ್ ನಮ್ಮನೇಲಿಲ್ಲ, ನಮಗ್ಯಾಕೆ ಅನ್ನೋರು ಇನ್ವರ್ಟರ್ ಕಡೆ ತಿರುಗಿ ನೋಡಿ. ಅದರೊಳಗಿರದೂ ಇದೇ ಬ್ಯಾಟ್ರಿ, ಗಾತ್ರದಲ್ಲಿ ಇನ್ನೂ ದೊಡ್ಡದು. ನಮ್ಮ ಬೀದೀಲೇ ಮೂರು ಮನೇಲಿ ಅದನ್ನ ದೇವ್ರ ಮನೆ ಮೂಲೇಲಿ ಮಡಗವ್ರೆ. ಯಾರೂ ತುಳಿಯಲ್ಲ, ಮಕ್ಕಳು ಹೋಗಲ್ಲ ಅಂತ. ಪಕ್ಕದಲ್ಲೇ ದೀಪ, ಊದುಬತ್ತಿ! ಹೈಡ್ರೋಜನ್ ವಿಷ್ಯ ಆಗ್ಲೇ ಹೇಳಿದೆ. ಗಾಳಿ ಆಡೋ ಜಾಗಕ್ಕೆ ಅದನ್ನ ಇವತ್ತೇ ಸಾಗ್ಸಿ. ನೀರು ಕಮ್ಮಿ ಆದ್ರೆ ಡಿಸ್ಟಿಲ್ ವಾಟರೇ ಹಾಕಿ, ನಮ್ಮ ಬೋರಿನ ಗಡಸು ನೀರು ಹಾಕಿದ್ರೆ ಬ್ಯಾಟ್ರಿ ಬಲುಬೇಗ ಸಾಯ್ತದೆ.

ಇನ್ವರ್ಟರಿನ ದೊಡ್ಡ ಅಪಾಯ ಬೇರೇನೇ. ಕೆಇಬಿ ಕರೆಂಟ್ ಹೋದಾಗ (ಈಗ ಚೆಸ್ಕಾಂ, ನಮ್ಮ ಬಾಯಿಗೆ ಕೆಇಬಿನೇ) ಫ್ಯಾನ್ ರಿಪೇರಿಗೆ ಬಂದ ಹುಡುಗ ಮೇನ್ ಆಫ್ ಮಾಡಿ ಏಣಿ ಹತ್ತುತಾನೆ. ಮೇನ್ ಆಫ್ ಆದ ತಕ್ಷಣ ಇನ್ವರ್ಟರ್ ಎದ್ದು, ಬ್ಯಾಟ್ರಿಯಿಂದ 230 ವೋಲ್ಟ್ ಮಾಡಿ ಅದೇ ವೈರಿಗೆ ಕಳಿಸ್ತದೆ. ಇದು 12 ವೋಲ್ಟಿನಂಗಲ್ಲ, ಮುಟ್ಟಿದ್ರೆ ಹಿಡ್ಕಳೋ ಕರೆಂಟೇ. ಹಂಗಾಗಿ ವೈರಿಂಗ್ ಮುಟ್ಟೋ ಮುಂಚೆ ಇನ್ವರ್ಟರ್ ಸ್ವಿಚ್ಚೂ ಆಫ್, ಅದರ ಪ್ಲಗ್ಗೂ ಕಿತ್ತು, ಬ್ಯಾಟ್ರಿ ವೈರೂ ಬಿಚ್ಚಿರ್ಬೇಕು, ಅಷ್ಟಾದ್ಮೇಲೂ ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕ್ಬೇಕು. ನಾನಂತೂ ಎಲೆಕ್ಟ್ರೀಷಿಯನ್ ಬಂದ್ರೆ ಕಾಫಿ ಕೊಡೋ ಮುಂಚೆ "ನಮ್ಮನೇಲಿ ಇನ್ವರ್ಟರ್ ಅದೆ ಕಣಪ್ಪ" ಅಂತ ಹೇಳೋದು. ಇನ್ವರ್ಟರ್ ಡಬ್ಬಿ ಬಿಚ್ಚಿ ಒಳಕ್ಕೆ ಕೈ ಹಾಕೋ ಸಾಹಸ ಮನೇಲಿ ಯಾರೂ ಮಾಡೋದು ಬೇಡ, ಎಲ್ಲ ಆಫ್ ಮಾಡಿದ ಮ್ಯಾಲೂ ಅದರೊಳಗೆ ಕರೆಂಟ್ ತುಂಬಿಕೊಂಡಿರೋ ಸಾಮಾನು ಇರ್ತವೆ.

ಕೋಟೆ ಕಡೆ, ಹುಣಸೂರಿನ ನಾಗರಹೊಳೆ ಅಂಚಿನ ಊರುಗಳಲ್ಲಿ ಆನೆಗೆ ಅಂತ ಸೋಲಾರ್ ಬೇಲಿ ಹಾಕಿರ್ತಾರಲ್ಲ, ಅಲ್ಲೂ ಇದೇ ಬ್ಯಾಟ್ರಿ. ಬ್ಯಾಟ್ರಿಲಿ 12 ವೋಲ್ಟ್ ಇದ್ರೂ ಮಧ್ಯದ ಡಬ್ಬಿ ಅದನ್ನ ಸಾವಿರಾರು ವೋಲ್ಟಿಗೆ ಏರಿಸಿ ತಂತಿಗೆ ಬಿಟ್ಟು ಬಿಟ್ಟು ಕಳಿಸ್ತದೆ. ತಂತಿಗೆ ಹಬ್ಬಿದ ಬಳ್ಳಿ ಕಡಿಯಕ್ಕೆ ಕುಡುಗೋಲು ತಗೊಂಡು ಹೋಗೋಳು ಬಹಳ ಮನೇಲಿ ಹೆಂಗಸೇ. ಮೊದ್ಲು ಡಬ್ಬಿ ಆಫ್ ಮಾಡಿ, ಆಮೇಲೆ ಬೇಲಿ ಹತ್ರ ಹೋಗಿ. ಬೇಲಿ ತಂತಿಗೆ ನೇರ ಮನೆ ಕರೆಂಟ್ ಕೊಡೋದು ಮಾತ್ರ ಯಾರೂ ಮಾಡ್ಬೇಡಿ. ಅದು ಕಾನೂನಿಗೆ ವಿರುದ್ಧ, ಆನೆಯನ್ನೂ ಕೊಲ್ತದೆ, ಕತ್ತಲೇಲಿ ಹಾದು ಹೋಗೋ ಮನುಷ್ಯರನ್ನೂ ಕೊಲ್ತದೆ.

ಹೊಸ ಎಲೆಕ್ಟ್ರಿಕ್ ಸ್ಕೂಟ್ರು, ಆಟೋ ಬಂದವಲ್ಲ, ಅವುಗಳ ಓಡಿಸೋ ಬ್ಯಾಟ್ರಿಗೆ ನಾನು ಮೇಲೆ ಹೇಳಿದ್ದು ಯಾವುದೂ ಹೊಂದಲ್ಲ. ಅದು ಲಿಥಿಯಂ, ವೋಲ್ಟೂ ಜಾಸ್ತಿ. ಕಿತ್ತಳೆ ಬಣ್ಣದ ದಪ್ಪ ವೈರ್ ಎಲ್ಲಿ ಕಂಡ್ರೂ ಕೈ ಹಿಂದಕ್ಕೆ ತಗೊಳಿ, ಅದು ಹೆಚ್ಚು ವೋಲ್ಟಿನ ಗುರುತು. ಅವನ್ನ ಕಲಿತೋರೇ ಬಿಚ್ಚಲಿ.

ಇನ್ನು ಸತ್ತ ಬ್ಯಾಟ್ರಿ. ಹಿತ್ಲಲ್ಲಿ, ಕೊಟ್ಟಿಗೆ ಮೂಲೇಲಿ ಬಿಸಾಕ್ಬೇಡಿ, ದನ ಮೂಸ್ತವೆ, ಮಕ್ಕಳು ಉರುಳಿಸ್ತವೆ, ಸೀಸ ವಿಷ. ಗುಜರಿಯೋರು ಕೆಲವರು ಆಸಿಡನ್ನ ಚರಂಡಿಗೆ ಸುರಿದು ಸೀಸ ಮಾತ್ರ ತಗೊಂಡು ಹೋಗ್ತಾರೆ, ಅವರಿಗೆ ಕೊಡ್ಬೇಡಿ. ಹಳೇದು ವಾಪಸ್ ತಗೊಳ್ಬೇಕು ಅಂತ 2001ರಿಂದಲೇ ಸರ್ಕಾರದ ನಿಯಮ ಅದೆ, 2022ರಲ್ಲಿ ಅದನ್ನ ಇನ್ನೂ ಬಿಗಿ ಮಾಡವ್ರೆ. ಹೊಸದು ತರೋ ಅಂಗಡಿಗೇ ಹಳೇದು ಕೊಟ್ರೆ ಬೆಲೇಲಿ ಕಳೀತಾರೆ. ಆಟೋಲಿ ತಗೊಂಡೋಗುವಾಗ ಮಲಗಿಸ್ದೆ ನೆಟ್ಟಗೆ ಕೂರಿಸಿ, ಎರಡು ಕಂಬಕ್ಕೂ ರಬ್ಬರ್ ಸುತ್ತಿ. ಸತ್ತದೆ ಅಂತ ನೀವು ಅಂದ್ಕಂಡಿರೋ ಬ್ಯಾಟ್ರಿಗೂ ಒಂದು ಉಂಗುರ ಕಾಯಿಸೋವಷ್ಟು ಜೀವ ಇರ್ತದೆ.